ಅರ್ಧ ಗಂಟೆಯ ನಕ್ಷತ್ರ

ಏಣಿಯನ್ನು ಎರ್‌ಹಾರ್ಡ್ ಪ್ರೆಲ್ ಕೇಳಿದ್ದು ಅರ್ಧ ಗಂಟೆಯ ಮಟ್ಟಿಗೆ. ಪಕ್ಕದ ಮನೆಯ ಗ್ರಾಡ್ಲ್ ಕೊಟ್ಟದ್ದೂ ಅರ್ಧ ಗಂಟೆಯ ಮಟ್ಟಿಗೇ. ಈ ಗ್ರಾಡ್ಲ್ ಆಯುಷ್ಯವೆಲ್ಲ ಕ್ರಾನ್‌ರಾಯ್ತ್ ಊರಿನಲ್ಲಿ ಅಂಚೆ ಹಂಚಿ ನಿವೃತ್ತನಾದವನು. ಹೊತ್ತಿಗೆ ಸರಿಯಾಗಿ ಕೊಡುವುದು, ಹೊತ್ತಿಗೆ ಸರಿಯಾಗಿ ವಾಪಸು ಪಡೆಯುವುದು ಅವನ ರಕ್ತದಲ್ಲೇ ಇತ್ತು. ಆಮೇಲೆ ಆದದ್ದಕ್ಕೆಲ್ಲ ಎರ್‌ಹಾರ್ಡನ ಜಂಬವೇ ಕಾರಣ ಎನ್ನುವವರಿದ್ದಾರೆ. ಅದು ಅನ್ಯಾಯ. ಜಂಬ ಎಲ್ಲರಿಗೂ ಇರುತ್ತದೆ. ಏಣಿ ಎಲ್ಲರಿಗೂ ಇರುವುದಿಲ್ಲ.

ಎರ್‌ಹಾರ್ಡ್ ಪಿಂಗಾಣಿ ಕಾರ್ಖಾನೆಯಲ್ಲಿ ಕಾಫಿ ಕಪ್ಪುಗಳಿಗೆ ಹಿಡಿಕೆಯ ಕಿವಿ ಅಂಟಿಸುವವನು. ಅವನ ತಂದೆ ಸಾಯುವಾಗ ಹೊಲವನ್ನೂ ಕಾಡಿನ ತುಂಡನ್ನೂ ಕಿರಿಯ ಮಗನಿಗೆ ಕೊಟ್ಟು, ಇವನಿಗೆ ಮನೆ ಕೊಟ್ಟಿದ್ದ. ಕೊಡುವಾಗ, "ಇದು ಬರೀ ಮನೆ ಅಲ್ಲ ಕಣೋ, ಹಕ್ಕಿನ ಮನೆ" ಎಂದಿದ್ದನಂತೆ. ಹೊಲ ಸಿಕ್ಕ ತಮ್ಮ ಟ್ರ್ಯಾಕ್ಟರ್ ಕೊಂಡ. ಹಕ್ಕು ಸಿಕ್ಕ ಎರ್‌ಹಾರ್ಡ್ ಆಗಾಗ ಅದನ್ನು ನೆನೆಸಿಕೊಂಡು ಸಮಾಧಾನಪಟ್ಟುಕೊಳ್ಳುತ್ತಿದ್ದ. ಅವನ ಪಾಲಿಗೆ ಬಂದ ಆಸ್ತಿಯೆಂದರೆ ಅದೊಂದೇ.

ಹಕ್ಕು ಯಾವುದೆಂದರೆ ಬಿಯರ್ ಕಾಯಿಸುವುದು. ಕ್ರಾನ್‌ರಾಯ್ತ್‌ನಲ್ಲಿ ಇಗರ್ಜಿಯ ಹಿಂದೆ ಊರೊಟ್ಟಿನ ಬಿಯರ್ ಮನೆ ಇದೆ. ನಾನೂರು ವರ್ಷದಿಂದ ಹಕ್ಕಿನ ಮನೆಗಳವರು ಸರದಿಯ ಮೇಲೆ ಅಲ್ಲಿನ ಒಂದೇ ತಾಮ್ರದ ಕೊಪ್ಪರಿಗೆಯಲ್ಲಿ ಸೌದೆ ಉರಿ ಹಾಕಿ ಕಾಯಿಸುತ್ತಾರೆ. ಕಾಯಿಸಿದ್ದನ್ನು ಮನೆಗೆ ಸಾಗಿಸಿ ತಮ್ಮ ತಮ್ಮ ನೆಲಮಾಳಿಗೆಯಲ್ಲಿ ಹದಕ್ಕೆ ಬಿಡುತ್ತಾರೆ. ಹದವಾದ ದಿನ ಬಾಗಿಲ ಮೇಲೆ ಗಳು ಚಾಚಿ ಆರು ಮೂಲೆಯ ಮರದ ನಕ್ಷತ್ರ ತೂಗುಹಾಕುತ್ತಾರೆ. ನಕ್ಷತ್ರ ಕಂಡವರು ಯಾರನ್ನೂ ಕೇಳಬೇಕಿಲ್ಲ, ನೆಟ್ಟಗೆ ಒಳಗೆ ಬಂದು ನಡುಮನೆಯಲ್ಲಿ ಕೂರಬಹುದು. ಬಿಯರ್ ಮುಗಿದ ದಿನ ನಕ್ಷತ್ರ ಇಳಿಯುತ್ತದೆ. ಹಕ್ಕು ಮನುಷ್ಯನದಲ್ಲ, ಮನೆಯದು. ಮನೆ ಮಾರಿದರೆ ಗೋಡೆಗಳ ಜೊತೆ ಅದೂ ಹೋಗುತ್ತದೆ. ಎರ್‌ಹಾರ್ಡನ ಅಜ್ಜ ವರ್ಷವರ್ಷವೂ ಕಾಯಿಸುತ್ತಿದ್ದ. ತಂದೆಗೆ ಹೊಟ್ಟೆಹುಣ್ಣು; ಅವನು ಕಾಯಿಸಲಿಲ್ಲ. ಎರ್‌ಹಾರ್ಡ್‌ಗೆ ಹೊಟ್ಟೆಹುಣ್ಣೂ ಇರಲಿಲ್ಲ, ಆದರೂ ಕಾಯಿಸಲಿಲ್ಲ. ನಕ್ಷತ್ರ ಅಟ್ಟದ ಮೇಲೆ, ಕೋಳಿ ಕಾವಿಗೆ ಕೂರುವ ಬುಟ್ಟಿಗಳ ಹಿಂದೆ ಬಿದ್ದಿತ್ತು.

ಅದು ಕೆಳಗಿಳಿದದ್ದು ಮಗಳ ದೆಸೆಯಿಂದ. ಮಗಳು ರೋಸ್ವಿಟಾ ಉತ್ತರದ ಕಡಲೂರು ಲ್ಯೂಬೆಕ್‌ನ ಹುಡುಗ ಹೆನ್ನಿಂಗನನ್ನು ಮೆಚ್ಚಿದ್ದಳು. ಹೆನ್ನಿಂಗನ ತಾಯಿ, ವಿಧವೆ, ಶ್ರೀಮತಿ ಟೀಡೆಮಾನ್ ಹುಡುಗಿಯ ಮನೆ ನೋಡಲು ಬರುವವರಿದ್ದರು. ಬರೀ ನೋಡಲು, ಎಂದು ಆಕೆ ಫೋನಿನಲ್ಲಿ ಒತ್ತಿ ಹೇಳಿದ್ದರು. ಅದೇ ಫೋನಿನಲ್ಲಿ ತಮ್ಮದು ಹಳೆಯ ವರ್ತಕರ ಮನೆ, ನೆಲಮಾಳಿಗೆಯಲ್ಲಿ ಹಿಂದೆ ಹಡಗಿನ ಉಪ್ಪು ತುಂಬುತ್ತಿದ್ದರು ಎಂದೂ ಮಾತಿನ ನಡುವೆ ಮತ್ತೆ ಮತ್ತೆ ಬರುವಂತೆ ನೋಡಿಕೊಂಡಿದ್ದರು. ಎರ್‌ಹಾರ್ಡ್ ತಡೆಯುವಷ್ಟು ತಡೆದ. ಕೊನೆಗೆ, "ನಮ್ಮದೂ ಹಕ್ಕಿನ ಮನೆ, ಬಿಯರ್ ಮನೆತನ, ನಕ್ಷತ್ರ ಇದೆ" ಎಂದುಬಿಟ್ಟ. ಆಕೆ, ನೋಡುವುದಕ್ಕೆ ಸಂತೋಷವಾಗುತ್ತದೆ, ಒಂದು ಫೋಟೋ ತೆಗೆಯಬಹುದಲ್ಲ ಎಂದರು.

ಹೆಂಡತಿ ಒಟ್ಟೀಲಿ ಬೇಡವೆಂದಳು. ಬಿಯರ್ ಇಲ್ಲದ ಮನೆಗೆ ನಕ್ಷತ್ರ ಏತಕ್ಕೆ ಎಂದಳು. ಎರ್‌ಹಾರ್ಡ್ ತನ್ನ ಯೋಜನೆ ವಿವರಿಸಿದ. ಕಾರು ಬರುವ ಹೊತ್ತಿಗೆ ಸರಿಯಾಗಿ ಮೇಲೆ; ಬೀಗಿತ್ತಿ ಇಳಿಯುತ್ತಾರೆ, ನೋಡುತ್ತಾರೆ, ಫೋಟೋ; ಒಳಗೆ ಕಾಫಿಗೆ ಕೂರುತ್ತಾರೆ; ಅಷ್ಟರಲ್ಲಿ ಕೆಳಗೆ. ಅರ್ಧ ಗಂಟೆಯ ಕೆಲಸ. ಅಡುಗೆಮನೆಯ ಕಪಾಟಿಗೆ ಬಳಿದು ಉಳಿದಿದ್ದ ಹಳದಿ ಬಣ್ಣವನ್ನು ಬಳಿದ. ಏಣಿ ತಂದು ಏರಿಸಿದ ನಕ್ಷತ್ರ ಮಿರಿಮಿರಿ ಮಿಂಚಿತು. ಎರಡು ಫರ್ಲಾಂಗಿನಾಚೆಯ ಬೇಕರಿಯಿಂದಲೂ ಕಾಣುತ್ತಿತ್ತೆಂದು ಆಮೇಲೆ ಗೊತ್ತಾಯಿತು.

ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಕಾರು ತಡವಾಯಿತು, ಅಷ್ಟೆ. ಗ್ರಾಡ್ಲ್ ತಡ ಮಾಡಲಿಲ್ಲ. ಅರ್ಧ ಗಂಟೆಗೆ ಸರಿಯಾಗಿ ಬಂದ, ಏಣಿ ಹೆಗಲಿಗೇರಿಸಿದ, ತಲೆಯೆತ್ತಿ ನೋಡಿದ, ಹೋದ. ಎರ್‌ಹಾರ್ಡ್ ಬಾಗಿಲಲ್ಲೇ ನಿಂತು, ಇನ್ನೊಂದು ಹತ್ತು ನಿಮಿಷ ಎಂದು ಹೇಗೆ ಕೇಳುವುದೆಂದು ಯೋಚಿಸುತ್ತಿದ್ದಾಗಲೇ ಗ್ರಾಡ್ಲ್ ಮತ್ತೆ ಬಂದ. ಈಗ ಕೈತೊಳೆದಿದ್ದ, ಭಾನುವಾರದ ಟೋಪಿ ಹಾಕಿದ್ದ. ಎರ್‌ಹಾರ್ಡನನ್ನು ದಾಟಿಕೊಂಡು ಒಳಗೆ ಹೋಗಿ ಗೋಡೆಯ ಬದಿಯ ಬೆಂಚಿನ ಮೂಲೆಯಲ್ಲಿ ಕುಳಿತ.

"ಏನು ಗ್ರಾಡ್ಲ್, ಏನು ಬೇಕಾಗಿತ್ತು?" ಎಂದ ಎರ್‌ಹಾರ್ಡ್.

"ಅಲ್ಲ, ನನ್ನ ಕೇಳ್ತೀಯಲ್ಲಯ್ಯ. ಹೊರಗೆ ನೇತುಹಾಕಿದೋನು ನೀನು," ಎಂದ ಗ್ರಾಡ್ಲ್. "ಏಣಿ ಯಾತಕ್ಕೆ ಅಂತ ಒಂದು ಮಾತು ಹೇಳಿದ್ರೆ ನಾನೇ ಹಿಡ್ಕೋತಿರ್ಲಿಲ್ವಾ? ಇರ್ಲಿ. ದೊಡ್ಡ ಗ್ಲಾಸಲ್ಲೇ ಕೊಡು."

ಎರ್‌ಹಾರ್ಡ್ ಆ ಕ್ಷಣದಲ್ಲಿ ನಿಜ ಹೇಳಬಹುದಾಗಿತ್ತು. ಹೇಳದಿರುವುದಕ್ಕೆ ಕಾರಣವಿತ್ತು. ಬಿಯರ್ ಇಲ್ಲದೆ ಬರಿ ನಕ್ಷತ್ರ ತೂಗಿದ ಮನೆಯ ಹಕ್ಕು ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಅವನ ಮುತ್ತಜ್ಜನ ಕಾಲದಲ್ಲಿ ಕೆಳಬೀದಿಯ ಒಂದು ಮನೆಯವರು ಬಿಯರ್ ಹಳಸಿದ್ದನ್ನು ಮುಚ್ಚಿಟ್ಟು ನಕ್ಷತ್ರ ಬಿಟ್ಟಿದ್ದರು. ಬಂದವರಿಗೆ ಕೊಡಲು ಏನೂ ಇರಲಿಲ್ಲ. ಅವತ್ತೇ ಹಕ್ಕು ಕಿತ್ತರು. ಅದೂ ಹೋಗಲಿ, ಅವರಿಗೆ 'ಬರಿ ನಕ್ಷತ್ರದವರು' ಎಂದು ಹೆಸರು ಬಿತ್ತು. ಆ ಮನೆಯ ಮರಿಮಗಳೊಬ್ಬಳು ಕೆನಡಾಕ್ಕೆ ಹೋಗಿ ನೆಲೆಸಿದ್ದಳು. ಅಲ್ಲಿನ ಒಂದು ರೈಲಿನಲ್ಲಿ ಯಾರೋ ಕ್ರಾನ್‌ರಾಯ್ತ್‌ನವನು ಎದುರಾಗಿ, "ಓಹೋ, ನೀವು ಬರಿ ನಕ್ಷತ್ರದವರಲ್ಲವೇ" ಎಂದನಂತೆ. ತಮ್ಮನಿಗೆ ಹೊಲ ಇತ್ತು, ಕಾಡಿತ್ತು, ಟ್ರ್ಯಾಕ್ಟರಿತ್ತು. ಎರ್‌ಹಾರ್ಡನ ಹಕ್ಕೂ ಹೋದರೆ ಉಳಿಯುವುದು ಸೋರುವ ಮಾಡು ಮತ್ತು ಆ ಹೆಸರು.

ಆದ್ದರಿಂದ ಅವನು, "ಈಗ ತಾನೇ ಪೀಪಾಯಿ ಸರಿಸಿದೀನಿ, ಸ್ವಲ್ಪ ನೆಲೆ ನಿಲ್ಲಲಿ" ಎಂದ. ಗ್ರಾಡ್ಲ್ ತಲೆದೂಗಿದ. ಅವಸರದ ಬಿಯರ್ ಅವನೂ ಒಪ್ಪುವವನಲ್ಲ.

ಅಷ್ಟರಲ್ಲಿ ಬಡಗಿ ಬಂದ, ಬೇಕರಿಯವರು ಬಂದರು, ಶುಕ್ರವಾರದ ಪಾಳಿ ಮುಗಿಸಿದ ಕಾರ್ಖಾನೆಯವರು ಬಂದರು. ಒಬ್ಬೊಬ್ಬರೂ ಒಳಗೆ ಬರುವಾಗ, ನಿನ್ನ ಸರದಿ ಎಂದು ಗೊತ್ತೇ ಇರಲಿಲ್ಲವಲ್ಲ ಎನ್ನುತ್ತಿದ್ದರು. ಅವರಿಗೆ ಉತ್ತರವನ್ನು ಎರ್‌ಹಾರ್ಡ್ ಕೊಡಬೇಕಾಗಲಿಲ್ಲ, ಗ್ರಾಡ್ಲ್ ಕೊಟ್ಟ. ಹಿಂದಿನ ತಿಂಗಳು ಇನ್ನೊಂದು ಹಕ್ಕಿನ ಮನೆಯಾದ ಬುರ್ಗಲ್ ಅಜ್ಜಿಯ ಮನೆಯವರು ಕಾಯಿಸಿದಾಗ ಬಿಯರ್ ಮನೆಯ ಹೊಗೆಗೂಡಿನಿಂದ ಎರಡನೆಯ ದಿನವೂ ಹೊಗೆ ಬಂದಿತ್ತಂತೆ. "ಒಂದು ಮನೆಗೆ ಎರಡು ದಿನದ ಹೊಗೆ ಯಾಕೆ ಅಂತ ನಾನು ಆಗ್ಲೇ ಅಂದ್ಕೊಂಡೆ," ಎಂದ. ಹಾಗೆ ಅಂದುಕೊಂಡದ್ದು ಈಗ ಎಲ್ಲರಿಗೂ ನೆನಪಾಯಿತು. ಬಡಗಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಎರ್‌ಹಾರ್ಡ್ ಮಸಿ ಮೆತ್ತಿದ ಮುಖದಲ್ಲಿ ಬರುವುದನ್ನು ಕಂಡಿದ್ದೇನೆ ಎಂದ. ಎರ್‌ಹಾರ್ಡ್‌ಗೇ ಒಂದು ಕ್ಷಣ ಹೌದೇನೋ ಅನ್ನಿಸಿತು.

ಹೊತ್ತು ಕಳೆಯಲು ಒಟ್ಟೀಲಿ ತಿನ್ನಲು ಕೊಟ್ಟಳು. ಕಪ್ಪು ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಉಪ್ಪು ಸವರಿದ ಮೂಲಂಗಿ. ಇದು ಅವಳು ಮಾಡಿದ ತಪ್ಪು. ಬಂದಾಗ ಅವರಿಗೆ ಸುಮ್ಮನೆ ಬಾಯಾರಿತ್ತು. ಮೂಲಂಗಿ ತಿಂದ ಮೇಲೆ ಆ ಬಾಯಾರಿಕೆಗೆ ಒಂದು ಉದ್ದೇಶ ಬಂತು.

ಕಾರು ಬಂದದ್ದು ಆಗ. ಶ್ರೀಮತಿ ಟೀಡೆಮಾನ್ ಬಿಳಿ ಕೈಗವಸು ತೊಟ್ಟು ಇಳಿದರು. ತಲೆಯೆತ್ತಿ, ಇದೇ ಏನು ಎಂದರು, ಕ್ಯಾಮೆರಾ ತೆಗೆದು ಒತ್ತಿದರು. ಯೋಜನೆಯಲ್ಲಿ ಬರೆದಿದ್ದಂತೆ ನಡೆದದ್ದು ಅದೊಂದೇ. ಹೆನ್ನಿಂಗ್ ಇನ್ನೂ ಕಾರಿನಿಂದ ಎರಡನೆಯ ಕಾಲು ಹೊರಗಿಟ್ಟಿರಲಿಲ್ಲ. ಒಟ್ಟೀಲಿ ಬಂದು ಅವನನ್ನು ಮತ್ತೆ ಒಳಗೆ ತಳ್ಳಿ, ಪಕ್ಕದಲ್ಲಿ ರೋಸ್ವಿಟಾಳನ್ನು ಕೂರಿಸಿ, ಪಕ್ಕದೂರಿನ ಪೆಟ್ರೋಲ್ ಬಂಕಿನ ಹಿಂದಿರುವ ಅಂಗಡಿಯಿಂದ ಬಿಯರ್ ಬಾಟಲಿಯ ಕ್ರೇಟುಗಳನ್ನು ಕಾರು ಹಿಡಿಸುವಷ್ಟು ತುಂಬಿಕೊಂಡು ಹಿತ್ತಲಿನಿಂದ ಬರಬೇಕೆಂದು ಪಿಸುಗುಟ್ಟಿದಳು. ಹೆನ್ನಿಂಗ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ಕಡೆಯ ಮದುವೆ ಶಾಸ್ತ್ರವಿರಬೇಕು, ವರನಾದವನು ಮೊದಲು ಇದನ್ನು ಮಾಡಬೇಕೇನೋ ಎಂದುಕೊಂಡ. ಅವನು ಒಳ್ಳೆಯ ಅಳಿಯನೆಂದು ಒಟ್ಟೀಲಿ ತೀರ್ಮಾನಿಸಿದ್ದು ಆಗಲೇ.

ಒಳಗೆ ಬಂದ ಶ್ರೀಮತಿ ಟೀಡೆಮಾನ್ ಕಾಫಿ ಮೇಜನ್ನು ಹುಡುಕಿದರು. ಕಂಡದ್ದು ಮೂವತ್ತು ಜನ. ಕೂರಲು ಕುರ್ಚಿ ಎಲ್ಲಿ ಎಂದು ನೋಡುತ್ತಿದ್ದಂತೆ ಗ್ರಾಡ್ಲ್ ಬೆಂಚಿನ ಮೇಲೆ ಒಂದು ಗೇಣು ಸರಿದು, ಸರಿದ ಜಾಗವನ್ನು ಅಂಗೈಯಿಂದ ತಟ್ಟಿದ.

"ಬಾ, ಇಲ್ಲಿ ಕೂತ್ಕೋ. ನಿನ್ನ ಹೆಸರೇನು?"

ಕೋಣೆಯಲ್ಲಿ ಯಾರಿಗೂ ಇದು ವಿಶೇಷವೆನಿಸಲಿಲ್ಲ. ನಕ್ಷತ್ರದ ಕೆಳಗೆ ಎಲ್ಲರೂ 'ನೀನು'. ಹಿಂದೊಮ್ಮೆ ಬಿಷಪ್ಪರೇ ಬಂದು ಕೂತಿದ್ದಾಗಲೂ, ಆ ಉಪ್ಪಿನ ಬಟ್ಟಲು ಇತ್ತ ತಳ್ಳು ಮಾರಾಯ ಎಂದಿದ್ದರು. ಆದರೆ ಲ್ಯೂಬೆಕ್‌ನ ಆ ಬೀದಿಯಲ್ಲಿ ಇಪ್ಪತ್ತು ವರ್ಷದ ನೆರೆಯವರೂ ಆಕೆಯನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

"ಶ್ರೀಮತಿ ಟೀಡೆಮಾನ್," ಎಂದರು ಆಕೆ.

"ಅದು ನಿನ್ನ ಗಂಡಂದು. ನಿಂದು ಹೇಳು."

ಆಕೆ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದರು. ಅದಕ್ಕೆ ಸುಮಾರು ಹೊತ್ತು ಹಿಡಿಯಿತು. ಆಮೇಲೆ, "ಗುಂಡುಲಾ" ಎಂದರು. ಗಂಡ ಸತ್ತ ಮೇಲೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಕರೆದಿರಲಿಲ್ಲ.

"ಗುಂಡುಲಾ, ಒಂದು ಚೂರು ಆಕಡೆ ಸರಿ. ಬಡಗಿಗೂ ಜಾಗ ಆಗ್ಲಿ," ಎಂದ ಗ್ರಾಡ್ಲ್.

ಗುಂಡುಲಾ ಸರಿದರು.

ಹಿತ್ತಲಿನಲ್ಲಿ ಕಾರು ನಿಂತಿತು. ರೋಸ್ವಿಟಾ, ಹೆನ್ನಿಂಗ್ ಇಬ್ಬರೂ ಬಾಟಲಿಗಳನ್ನು ಒಗೆಯುವ ಬಟ್ಟೆಯ ಬುಟ್ಟಿಗೆ ಹಾಕಿ, ಮೇಲೆ ಹಾಸಿಗೆಯ ದುಪ್ಪಟಿ ಹೊದಿಸಿ, ಹಿಂಬಾಗಿಲಿನಿಂದ ನೆಲಮಾಳಿಗೆಗೆ ಸಾಗಿಸಿದರು. ಒಂದೊಂದು ಹೆಜ್ಜೆಗೂ ಠಣ್ ಠಣ್ ಎನ್ನುತ್ತಿತ್ತು. ಬೇಲಿಯಾಚೆ ಕ್ಯಾರೆಟ್ ಕೀಳುತ್ತಿದ್ದ ಗ್ರಾಡ್ಲನ ಹೆಂಡತಿ ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡಿ ನೋಡಿದಳು. ಪಿಂಗಾಣಿ ಊರಿನಲ್ಲಿ ಹುಟ್ಟಿ ಬೆಳೆದವಳು. ಹುಡುಗ, ಹುಡುಗಿ, ಬಿಳಿ ದುಪ್ಪಟಿ, ಠಣ್ ಠಣ್. ಹುಡುಗಿಗೆ ಮದುವೆಯ ಪಿಂಗಾಣಿ ಬಂತು ಎಂದು ತಿಳಿಯಲು ಅವಳಿಗೆ ಕನ್ನಡಕ ಬೇಕಾಗಲಿಲ್ಲ. ಕ್ಯಾರೆಟ್ಟನ್ನು ಅಲ್ಲೇ ಬಿಟ್ಟು ಮುಂಬಾಗಿಲಿಗೆ ಹೊರಟಳು.

ನೆಲಮಾಳಿಗೆಯಲ್ಲಿ ಎರ್‌ಹಾರ್ಡ್ ಬಾಟಲಿ ಬಿಚ್ಚಿ ಅಜ್ಜನ ಕಾಲದ ಮಣ್ಣಿನ ಹೂಜಿಗೆ ಸುರಿದ. ಹೂಜಿಯಿಂದ ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದ. ಕಾರ್ಖಾನೆಯ ಬಿಯರ್ ಸೋಸಿ ಸೋಸಿ ಗಾಜಿನಂತಾಗಿತ್ತು. ಆಚೆಗೆ ನಿಂತ ಒಟ್ಟೀಲಿಯ ಮೂಗಿನ ಮೇಲಿನ ಮಚ್ಚೆ ಕಾಣುತ್ತಿತ್ತು. ನಕ್ಷತ್ರದ ಬಿಯರ್ ಸೋಸುವಂಥದ್ದಲ್ಲ. ಅದು ಮಬ್ಬಾಗಿ, ಮಂಜು ಕವಿದ ಬೆಳಗಿನ ಬಣ್ಣಕ್ಕಿರಬೇಕು.

"ಮುಗೀತು," ಎಂದ ಎರ್‌ಹಾರ್ಡ್. "ಕೆನಡಾಕ್ಕೆ ಹೋದ್ರೂ ಬಿಡಲ್ಲ ಇನ್ನು."

ಒಟ್ಟೀಲಿ ಗ್ಲಾಸನ್ನು ನೋಡಿದಳು, ಗಂಡನನ್ನು ನೋಡಿದಳು, ಮೇಲೆ ಅಡುಗೆಮನೆಗೆ ಹೋದಳು. ಬೀಗಿತ್ತಿಯ ಊಟಕ್ಕೆಂದು ಬೆಳಿಗ್ಗೆಯಿಂದ ಅವಳು ಆಲೂಗಡ್ಡೆ ತುರಿದು ಹಿಂಡಿ ಉಂಡೆ ಕಟ್ಟಿ ಬೇಯಿಸಿದ್ದಳು. ಉಂಡೆ ತೆಗೆದಿಟ್ಟಾಗಿತ್ತು. ಬೇಯಿಸಿದ ನೀರು ಪಾತ್ರೆಯಲ್ಲಿ ತಣ್ಣಗಾಗಿ, ಬೆಳ್ಳಗೆ, ಸ್ವಲ್ಪ ಲೋಳೆಯಾಗಿ ನಿಂತಿತ್ತು. ಪಾತ್ರೆಯನ್ನು ಕೆಳಗೆ ತಂದು, ಹೂಜಿಗೆ ಒಂದು ಸೌಟು ಹಾಕಿ, ತಿರುಗಿಸಿದಳು. ಮಚ್ಚೆ ಮರೆಯಾಯಿತು.

ಎರ್‌ಹಾರ್ಡ್ ಹೂಜಿ ಹಿಡಿದು ಮೇಲೆ ಬಂದ. ಗ್ರಾಡ್ಲನ ಗ್ಲಾಸು ತುಂಬಿಸಿದ. ಗ್ರಾಡ್ಲ್ ಅದನ್ನು ಕಿಟಕಿಯ ಕಡೆ ಹಿಡಿದ, ಮೂಸಿದ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಎರ್‌ಹಾರ್ಡನ ಹಕ್ಕು, ಮನೆ, ಮುಂದೆ ಹುಟ್ಟಬಹುದಾದ ಮೊಮ್ಮಕ್ಕಳ ಹೆಸರು ಎಲ್ಲವೂ ಆ ಗುಟುಕಿನ ಮೇಲೆ ತೇಲುತ್ತಿದ್ದವು.

"ನಿಮ್ಮಜ್ಜ," ಎಂದ ಗ್ರಾಡ್ಲ್.

"ಏನು ನಮ್ಮಜ್ಜ?"

"ನಿಮ್ಮಜ್ಜನ ಕೈ ಕಣೋ ಇದು. ಆ ಮೆತ್ತಗೆ ಇಳಿಯೋದು ನೋಡು. ನಾನು ಅಂಚೆಗೆ ಸೇರಿದ ಹೊಸತರಲ್ಲಿ ಇದೇ ಬೆಂಚಿನ ಮೇಲೆ ಕುಡಿದಿದ್ದೆ. ಬುರ್ಗಲ್ ಅಜ್ಜಿ ಮನೇದೂ ಸೈತ ಹೀಗೆ ಬರಲ್ಲ."

ಆಮೇಲೆ ಎಲ್ಲರಿಗೂ ಅಜ್ಜ ಸಿಕ್ಕಿದ. ಅಜ್ಜನನ್ನು ಕಣ್ಣಿನಲ್ಲಿ ಕಾಣದವರೂ ಅವನ ಕೈಯನ್ನು ಗುರುತಿಸಿದರು. ಜಿಲ್ಲೆಯ ಆಹಾರ ತಪಾಸಣೆಯ ಡಾಕ್ಟರ್ ಆಮಾನ್ ಎಂಬವರು ಆ ದಾರಿಯಲ್ಲಿ ಹೋಗುತ್ತಿದ್ದವರು ನಕ್ಷತ್ರ ಕಂಡು ಇಳಿದಿದ್ದರು. ಅವರು ಗ್ಲಾಸನ್ನು ಮೂರು ಬಾರಿ ತುಂಬಿಸಿಕೊಂಡು, ತಮ್ಮ ನಾಲಿಗೆಗೆ ಪ್ರಯೋಗಾಲಯ ಬೇಕಿಲ್ಲ, ನೀರು, ಮೊಳಕೆಯ ಬಾರ್ಲಿ, ಹಾಪ್ಸ್ ಹೂ, ಯೀಸ್ಟು, ಈ ನಾಲ್ಕನ್ನು ಬಿಟ್ಟು ಐದನೆಯದು ಒಂದು ತೊಟ್ಟು ಬಿದ್ದಿದ್ದರೂ ತಾವು ಹೇಳಬಲ್ಲೆವೆಂದು ಬೇಕರಿಯವನಿಗೆ ವಿವರಿಸಿದರು. ಬಿಯರ್‌ಗೆ ಈ ನಾಲ್ಕೇ ಎನ್ನುವ ಹಳೆಯ ಕಾನೂನನ್ನು ಇಷ್ಟು ಶುದ್ಧವಾಗಿ ಪಾಲಿಸಿದ ಬಿಯರ್ ಅಪರೂಪ ಎಂದರು. ಒಟ್ಟೀಲಿ ಅವರಿಗೆ ಇನ್ನೊಂದು ಚೂರು ಮಾಂಸ ಬಡಿಸಿದಳು.

ಗ್ರಾಡ್ಲನ ಹೆಂಡತಿ ಅಷ್ಟರಲ್ಲಿ ಪಿಂಗಾಣಿಯ ಸುದ್ದಿಯನ್ನು ಬಾಗಿಲಿನಿಂದ ಕಿಟಕಿಯವರೆಗೆ ಹಂಚಿ ಮುಗಿಸಿದ್ದಳು. ಒಬ್ಬೊಬ್ಬರಾಗಿ ಗುಂಡುಲಾರ ಬಳಿ ಬಂದು ಕೈಕುಲುಕಿದರು. ಹುಡುಗಿ ಬಂಗಾರ, ನಿನ್ನ ಅದೃಷ್ಟ ಎಂದರು. ಬರೀ ನೋಡಲು ಬಂದಿದ್ದ ಗುಂಡುಲಾ ಮೊದಲನೆಯವರಿಗೆ, ಇನ್ನೂ ಏನೂ ನಿಶ್ಚಯವಾಗಿಲ್ಲ ಎಂದರು. ಐದನೆಯವರಿಗೆ, ನೋಡೋಣ ಎಂದರು. ಎರಡನೆಯ ಗ್ಲಾಸು ಮುಗಿಯುವಾಗ ಗ್ರಾಡ್ಲನ ಹೆಂಡತಿ ಎದುರು ಕುಳಿತು, "ದಿನ ಯಾವತ್ತು ಇಟ್ಕೊಂಡಿದೀಯೇ?" ಎಂದು ಕೇಳಿದಾಗ, ಮೇ ತಿಂಗಳು ಒಳ್ಳೆಯದಲ್ಲವೇ ಎಂದರು. ಹೆನ್ನಿಂಗ್ ತನ್ನ ಮದುವೆಯ ತಿಂಗಳು ಮೇ ಎಂಬುದನ್ನು ಬಡಗಿಯ ಬಾಯಿಂದ ಕೇಳಿ ತಿಳಿದುಕೊಂಡ.

ಎಲ್ಲವೂ ಸರಿಹೋಯಿತು ಎಂದು ಎರ್‌ಹಾರ್ಡ್ ಬೆವರೊರೆಸಿಕೊಂಡ ಹೊತ್ತಿಗೆ ಬುರ್ಗಲ್ ಅಜ್ಜಿ ಬಂದಳು.

ಬುರ್ಗಲ್ ಅಜ್ಜಿ ಹಕ್ಕಿನ ಮನೆಗಳ ಹಿರಿಯಳು. ಬಿಯರ್ ಮನೆಯ ಬೀಗದ ಕೈ ಅವಳ ಸೊಂಟದಲ್ಲಿರುತ್ತದೆ. ಯಾರ ಸರದಿ ಯಾವಾಗ, ಕೊಪ್ಪರಿಗೆ ಯಾರಿಗೆ, ಇವೆಲ್ಲ ಅವಳ ಮಾತು. ಹಿಂದಿನ ತಿಂಗಳ ಎರಡನೆಯ ದಿನದ ಹೊಗೆ ಯಾತರದೆಂದು ಊರಿನಲ್ಲಿ ನಿಜವಾಗಿ ಗೊತ್ತಿದ್ದವಳೂ ಅವಳೊಬ್ಬಳೇ. ಅವತ್ತು ಅವಳು ಕೊಪ್ಪರಿಗೆ ತೊಳೆಯಲು ನೀರು ಕಾಯಿಸಿದ್ದಳು.

ಬಡಗಿ ಎದ್ದು ಜಾಗ ಬಿಟ್ಟ. ಅಜ್ಜಿ ಕುಳಿತಳು. ಎರ್‌ಹಾರ್ಡ್ ಅವಳ ಗ್ಲಾಸು ತುಂಬಿಸಿದ. ಅಜ್ಜಿ ಕುಡಿದಳು. ಗ್ಲಾಸಿನೊಳಗೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಎರ್‌ಹಾರ್ಡನನ್ನು ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಒಟ್ಟೀಲಿಯನ್ನು ನೋಡಿದಳು. ಒಟ್ಟೀಲಿಯ ಕೈಯಲ್ಲಿದ್ದ ಸೌಟನ್ನು ನೋಡಿದಳು.

"ಹೇಗಿದೆ ಅಜ್ಜಿ?" ಎಂದ ಗ್ರಾಡ್ಲ್. "ಅಜ್ಜನ ಕೈ ಹೌದೋ ಅಲ್ವೋ?"

"ಈ ಮನೇದು ಹೌದು," ಎಂದಳು ಬುರ್ಗಲ್ ಅಜ್ಜಿ. ಎರ್‌ಹಾರ್ಡನ ಕಡೆ ತಿರುಗಿದಳು. "ಸರದಿ ಬಿಟ್ಟು ತೂಗುಹಾಕಿದೀಯ. ಅದು ತಪ್ಪು. ತೂಗುಹಾಕಿದ ಮೇಲೆ ಕೊಟ್ಟಿದೀಯ. ಅದು ಸರಿ. ಈಗ ಸರದಿಗೆ ಸೇರಿದ ಹಾಗಾಯ್ತು. ಮಾರ್ಟಿನ್ ಹಬ್ಬದ ವಾರ ನಕ್ಷತ್ರ ನಿಂದು. ಮುಂದಿನ ತಿಂಗಳ ಮೊದಲ ಸೋಮವಾರ ಕೊಪ್ಪರಿಗೆಗೆ ಬಾ. ಹಳೇ ಷರಟು ಹಾಕ್ಕೊಂಡು ಬಾ."

ಬಿಯರ್ ತೀರಿದ್ದು ದೀಪ ಹಚ್ಚುವ ಹೊತ್ತಿಗೆ. ನಕ್ಷತ್ರ ಇಳಿಸಲು ಗ್ರಾಡ್ಲ್ ತಾನೇ ಹೋಗಿ ಏಣಿ ತಂದ. "ಅರ್ಧ ಗಂಟೆ ಕೊಡ್ತೀನಿ," ಎಂದ.

ಲ್ಯೂಬೆಕ್‌ನಿಂದ ಫೋಟೋ ಎರಡು ವಾರದ ಮೇಲೆ ಬಂತು. ಬಾಗಿಲ ಅರ್ಧ, ಕಾರಿನ ಮುಂಭಾಗ, ಒಟ್ಟೀಲಿ ಹೆನ್ನಿಂಗನನ್ನು ಕಾರಿನೊಳಗೆ ತಳ್ಳುತ್ತಿರುವುದು, ಇವೆಲ್ಲ ಚೆನ್ನಾಗಿ ಬಂದಿದ್ದವು. ನಕ್ಷತ್ರ ಚೌಕಟ್ಟಿನಿಂದ ಮೇಲಕ್ಕೆ ಉಳಿದುಬಿಟ್ಟಿತ್ತು.

ಎರ್‌ಹಾರ್ಡ್ ಆ ಸೋಮವಾರ ಹಳೆಯ ಷರಟಿನಲ್ಲಿ ಬಿಯರ್ ಮನೆಗೆ ಹೋದ. ತೋಳಿಗಿಂತ ಉದ್ದದ ಸೌದೆಯನ್ನು ಒಲೆಗೆ ನೂಕಿದ. ಪುಡಿ ಮಾಡಿದ ಬಾರ್ಲಿಯ ಗಂಜಿಯನ್ನು ಹುಟ್ಟಿನಂಥ ಮರದ ಸೌಟಿನಿಂದ ತಿರುವಿದ, ಹುಬ್ಬು ಸುಟ್ಟುಕೊಂಡ, ಕನ್ನಡಕ ಆವಿ ಹಿಡಿದು ಕಾಣದಾಗಿ ಹಾಪ್ಸ್ ಎಂದುಕೊಂಡು ತನ್ನ ಟೋಪಿಗೆ ಕೈಹಾಕಿದ. ಬುರ್ಗಲ್ ಅಜ್ಜಿ ಮೂಲೆಯ ಸ್ಟೂಲಿನ ಮೇಲೆ ಕುಳಿತು ಕಾಲುಚೀಲ ಹೆಣೆಯುತ್ತಾ, ಉರಿ ಜಾಸ್ತಿಯಾಯಿತು, ಕಡಿಮೆಯಾಯಿತು ಎಂದು ತಲೆಯೆತ್ತದೆ ಹೇಳುತ್ತಿದ್ದಳು. ಅಗಲವಾದ ತಟ್ಟೆಯಂಥ ತೊಟ್ಟಿಯಲ್ಲಿ ಅದು ರಾತ್ರಿಯೆಲ್ಲ ಆರಿತು. ಮರುದಿನ ಅದನ್ನು ಮನೆಗೆ ತರಲು ತಮ್ಮನ ಟ್ರ್ಯಾಕ್ಟರನ್ನೇ ಕೇಳಬೇಕಾಯಿತು. ತಮ್ಮ ಕೊಟ್ಟ, ಕೊಡುವಾಗ ತೊಟ್ಟಿಯ ಮೇಲೆ ಬಗ್ಗಿ ಮೂಸಿ ಒಂದು ಮಾತೂ ಆಡಲಿಲ್ಲ. ತಮ್ಮ ಮಾತಿಲ್ಲದೆ ನಿಂತದ್ದನ್ನು ಎರ್‌ಹಾರ್ಡ್ ಅದೇ ಮೊದಲು ಕಂಡದ್ದು.

ಅಲ್ಲಿಂದ ಮುಂದೆ ಅವನು ಬೇರೆ ಮನುಷ್ಯನಾದ. ಕಾರ್ಖಾನೆಯಿಂದ ಬಂದವನು ಊಟಕ್ಕೂ ಮೊದಲು ನೆಲಮಾಳಿಗೆಗೆ ಇಳಿಯುತ್ತಿದ್ದ. ಪೀಪಾಯಿಗೆ ಕಿವಿಯಿಟ್ಟು, ಗುಳುಗುಳು ಅನ್ನುತ್ತಿದೆ ಎಂದು ಹೆಂಡತಿಗೆ ವರದಿ ಮಾಡುತ್ತಿದ್ದ. ಗುಳುಗುಳು ನಿಂತ ದಿನ ಜ್ವರ ಬಂದವನಂತಾದ; ಅದು ನಿಲ್ಲಲೇಬೇಕು ಎಂದು ಬುರ್ಗಲ್ ಅಜ್ಜಿ ಹೇಳಿಕಳುಹಿಸಿದ ಮೇಲೆ ಊಟ ಮಾಡಿದ. ಹಬ್ಬದ ಹಿಂದಿನ ದಿನ ಒಂದು ಗ್ಲಾಸು ಬಗ್ಗಿಸಿ ರುಚಿ ನೋಡಿದ. ಮಬ್ಬಾಗಿತ್ತು, ತಾನಾಗಿಯೇ ಮಬ್ಬಾಗಿತ್ತು. ಕಹಿಯಿತ್ತು, ಹಿಂದೆಯೇ ಬ್ರೆಡ್ಡಿನ ಸಿಹಿಯಿತ್ತು. ಕಪ್ಪಿನ ಕಿವಿ ಅಂಟಿಸುವುದನ್ನು ಬಿಟ್ಟರೆ ಅವನು ಹುಟ್ಟಿದಂದಿನಿಂದ ಪೂರ್ತಿಯಾಗಿ ಮಾಡಿದ ವಸ್ತು ಅದೊಂದೇ; ಕಪ್ಪನ್ನಾದರೂ ಬೇರೆಯವರು ಮಾಡಿರುತ್ತಿದ್ದರು.

ನವೆಂಬರಿನ ಮಾರ್ಟಿನ್ ಹಬ್ಬಕ್ಕೆ ನಕ್ಷತ್ರ ನ್ಯಾಯವಾಗಿ ಏರಿತು. ಗುಂಡುಲಾ ರೈಲಿನಲ್ಲಿ ಒಬ್ಬರೇ ಬಂದರು, ಕೈಗವಸಿಲ್ಲದೆ, ನೇರ ಬೆಂಚಿಗೆ. ಗ್ರಾಡ್ಲ್ ಇಸ್ಪೀಟು ಕಲಸಿಟ್ಟುಕೊಂಡು ಕಾಯುತ್ತಿದ್ದ. ಡಾಕ್ಟರ್ ಆಮಾನ್ ಇಬ್ಬರು ಸಹೋದ್ಯೋಗಿಗಳನ್ನು ಕರೆತಂದಿದ್ದರು. ತಮ್ಮನೂ ಬಂದ. ಬುರ್ಗಲ್ ಅಜ್ಜಿ ನೆಟ್ಟಗೆ ಅಡುಗೆಮನೆಗೆ ಹೋಗಿ ಕುಳಿತಳು. ಹೋದ ಸಲದ ಖ್ಯಾತಿಯಿಂದ ಪಕ್ಕದೂರಿನವರೂ ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು. ಎರ್‌ಹಾರ್ಡ್ ಬಿಳಿ ಏಪ್ರನ್ ಕಟ್ಟಿ ಮೊದಲ ಹೂಜಿಯನ್ನು ಎರಡೂ ಕೈಯಲ್ಲಿ ತಂದ.

ಗ್ರಾಡ್ಲ್ ಗ್ಲಾಸನ್ನು ಕಿಟಕಿಯ ಕಡೆ ಹಿಡಿದ, ಮೂಸಿದ, ಕಣ್ಣು ಮುಚ್ಚಿದ. ಕಣ್ಣು ತೆರೆದ. ಇನ್ನೊಮ್ಮೆ ಕುಡಿದ.

"ಕೆಟ್ಟದೇನಲ್ಲ," ಎಂದ.

"ಅಂದ್ರೆ?"

"ಕೆಟ್ಟದೇನಲ್ಲ ಅಂದೆನಲ್ಲ. ಹೋದ ಸಲದ್ದು ಬಿಡು, ಅದರ ಮಾತು ಬೇರೆ. ಇದಕ್ಕೆ ಆ ಮೆತ್ತಗೆ ಬಂದಿಲ್ಲ. ಅಜ್ಜ ಇಲ್ಲ ಇದರಲ್ಲಿ."

ಬಡಗಿಯೂ ಅಜ್ಜನನ್ನು ಹುಡುಕಿದ, ಸಿಗಲಿಲ್ಲ ಎಂದ. ಬೇಕರಿಯವನು, ಹೊಸ ಕೈ, ಒಂದು ಸಲ ಬಂದದ್ದು ಇನ್ನೊಂದು ಸಲ ಬರುವುದಿಲ್ಲ ಎಂದು ಸಮಾಧಾನ ಹೇಳಿದ. ಡಾಕ್ಟರ್ ಆಮಾನ್ ಬಹಳ ಹೊತ್ತು ಬಾಯಲ್ಲಿ ಹೊರಳಿಸಿ, ಇದರಲ್ಲಿ ಏನೋ ಹೊರಗಿನದು ಬೆರೆತಿರುವ ಅನುಮಾನ ತಮಗಿದೆ, ಹೋದ ಸಲದ ಶುದ್ಧತೆ ಇಲ್ಲ ಎಂದರು. ತಮ್ಮ ಅಣ್ಣನ ಮುಖ ನೋಡಿ ಮೆಲ್ಲಗೆ ನಕ್ಕ. ಗುಂಡುಲಾ ಸಹ, "ಎರ್‌ಹಾರ್ಡ್, ಬೇಜಾರು ಮಾಡ್ಕೋಬೇಡ. ನನಗೂ ಅದೇ ಹಿಡಿಸಿತ್ತು," ಎಂದರು.

ಎರ್‌ಹಾರ್ಡನ ಕಿವಿ ಕೆಂಪಾಯಿತು. ಹುಬ್ಬು ಸುಟ್ಟದ್ದು, ಟ್ರ್ಯಾಕ್ಟರಿಗೆ ಕೈ ಒಡ್ಡಿದ್ದು, ಗುಳುಗುಳು ಕೇಳುತ್ತಾ ಮಂಡಿಯೂರಿ ಕುಳಿತದ್ದು ಎಲ್ಲ ನೆನಪಿಗೆ ಬಂತು. ಹೋದ ಸಲದ್ದು ಪೆಟ್ರೋಲ್ ಬಂಕಿನ ಹಿಂದಿನ ಅಂಗಡಿಯದು ಎಂದು ಒಂದೇ ಒಂದು ವಾಕ್ಯ ಹೇಳಿದರೆ ಸಾಕು, ಇವರೆಲ್ಲರ ನಾಲಿಗೆಯ ಮಾನ ಇಲ್ಲೇ ಹರಾಜಾಗುತ್ತದೆ. ಹೇಳಿದರೆ ಹಕ್ಕೂ ಹೋಗುತ್ತದೆ. ಅವತ್ತು ಮೇಲೆ ತೂಗುತ್ತಿದ್ದದ್ದು ಬರಿ ನಕ್ಷತ್ರವೇ ಆಗುತ್ತದೆ. ಅವನು ಹೂಜಿಯನ್ನು ಮೇಜಿನ ಮೇಲೆ ಇಟ್ಟ. ಬಾಯಿ ತೆರೆದ.

"ಎರ್‌ಹಾರ್ಡ್, ಹೂಜಿ ತಗೊಂಡು ಒಳಗೆ ಬಾ," ಎಂದು ಅಡುಗೆಮನೆಯಿಂದ ಬುರ್ಗಲ್ ಅಜ್ಜಿ ಕರೆದಳು.

ಅವನು ತೆರೆದ ಬಾಯಿಯಲ್ಲೇ ಒಳಗೆ ಹೋದ. ಅಜ್ಜಿ ಬಾಗಿಲು ಮುಚ್ಚಿದಳು. ಒಲೆಯ ಹತ್ತಿರ ಒಟ್ಟೀಲಿ ಹಬ್ಬದ ಬಾತುಕೋಳಿಗೆಂದು ಉಂಡೆ ಬೇಯಿಸಿ ತೆಗೆದಿಡುತ್ತಿದ್ದಳು. ಅಜ್ಜಿ ಪಾತ್ರೆಯ ಮೇಲೆ ಬಗ್ಗಿ ನೋಡಿ, ಈ ನೀರು ಚೆಲ್ಲಬೇಡ, ಕಿಟಕಿಯಲ್ಲಿಟ್ಟು ಆರಿಸು ಎಂದಳು.

ಒಟ್ಟೀಲಿಯ ಕೈಯಿಂದ ಸೌಟು ಜಾರಿತು. "ಅಜ್ಜಿ, ನಿಮಗೆ ಹೇಗೆ ಗೊತ್ತು?"

"ಯುದ್ಧದ ವರ್ಷ ಬ್ರೆಡ್ಡಿಗೇ ಬಾರ್ಲಿ ಇರಲಿಲ್ಲ, ಬಿಯರ್‌ಗೆ ಎಲ್ಲಿಂದ ಬರಬೇಕು? ಇವನ ಅಜ್ಜ ಕಾಯಿಸಿದ್ದು ನೀರು ನೀರಾಗಿ ಬಂತು. ಇವನ ಅಜ್ಜಿ ಒಂದು ಪಾತ್ರೆ ಉಂಡೆ ನೀರು ತಗೊಂಡು ನೆಲಮಾಳಿಗೆಗೆ ಇಳಿದದ್ದನ್ನ ನಾನೇ ನೋಡಿದೀನಿ. ಲಂಗ ಹಾಕ್ಕೊಂಡು ಓಡಾಡೋ ವಯಸ್ಸು ನಂದು. ಜನಕ್ಕೆ ಅದೇ ಹಿಡೀತು. ಯುದ್ಧ ಮುಗಿದ್ರೂ ಬಿಡಲಿಲ್ಲ. ಅಜ್ಜನ ಕೈ ಅಜ್ಜನ ಕೈ ಅಂತ ಕುಡಿದ್ರು. ನಿನ್ನ ಸೌಟು ನೋಡಿದಾಗ ನಗು ತಡ್ಕೊಳ್ಳೋಕೆ ಆಗ್ಲಿಲ್ಲ ನನಗೆ."

ಅಜ್ಜಿ ನಕ್ಕದ್ದನ್ನು ಅವತ್ತು ಯಾರೂ ಕಂಡಿರಲಿಲ್ಲ. ಈಗಲೂ ಕಾಣಲಿಲ್ಲ.

"ನನ್ನ ಬಿಯರ್ ಚೆನ್ನಾಗಿದೆ ಅಜ್ಜಿ," ಎಂದ ಎರ್‌ಹಾರ್ಡ್. "ಅದಕ್ಕೆ ಏನೂ ಬೇಕಾಗಿಲ್ಲ."

"ಚೆನ್ನಾಗಿದೆ. ಈ ವರ್ಷದ್ದರಲ್ಲಿ ನಿಂದೇ ಚೆನ್ನಾಗಿದೆ, ನಮ್ಮನೇದೂ ಸೇರಿಸಿ ಹೇಳ್ತಿದೀನಿ. ಒಂದು ಪೀಪಾಯಿ ಹಾಗೇ ಇಡು, ನಾನು ನೀನು ಕುಡಿಯೋಣ. ಬಿಯರ್ ನಿಂದು ಕಣೋ. ಹಕ್ಕು ಮನೇದು. ಮನೆ ರುಚಿ ಮನೆಗೆ ಇರ್ಲಿ."

ಒಟ್ಟೀಲಿ ಸೌಟನ್ನು ನೆಲದಿಂದ ಎತ್ತಿ ತೊಳೆದಳು, ನೀರು ಆರಿದ ಮೇಲೆ ಪಾತ್ರೆಯನ್ನು ಕಿಟಕಿಯಿಂದ ತಂದಳು. ಎರ್‌ಹಾರ್ಡ್ ಪಾತ್ರೆಯನ್ನು ನೋಡಿದ, ಹೂಜಿಯನ್ನು ನೋಡಿದ. ಆಮೇಲೆ ಹೂಜಿಯನ್ನು ಹೆಂಡತಿಯ ಮುಂದೆ ಹಿಡಿದು, ಮುಖ ಕಿಟಕಿಯ ಕಡೆ ತಿರುಗಿಸಿದ.

ಹೊರಗೆ ಬಂದು ಗ್ರಾಡ್ಲನ ಗ್ಲಾಸು ತುಂಬಿಸಿ, ಇದು ಬೇರೆ ಪೀಪಾಯಿಯದು ಎಂದ. ಗ್ರಾಡ್ಲ್ ಕುಡಿದು ಗ್ಲಾಸನ್ನು ಮೆಲ್ಲಗೆ ಇಳಿಸಿದ.

"ನೋಡು, ಈಗ ಬಂದ," ಎಂದ. "ಎಲ್ಲಿಗೆ ಹೋಗಿದ್ದ ಇಷ್ಟು ಹೊತ್ತು?"

ಡಾಕ್ಟರ್ ಆಮಾನ್ ಕುಡಿದು, ಇದರಲ್ಲಿ ನಾಲ್ಕೇ ಎಂದು ಸಹೋದ್ಯೋಗಿಗಳಿಗೆ ಬೆರಳು ಮಡಿಸಿ ತೋರಿಸಿದರು. ತಮ್ಮ ನಗುವುದನ್ನು ನಿಲ್ಲಿಸಿ ಗ್ಲಾಸು ಮುಂದೆ ಮಾಡಿದ. ಎರ್‌ಹಾರ್ಡ್ ಒಬ್ಬೊಬ್ಬರಿಗೂ ತುಂಬಿಸಿದ. ಬೆಂಚಿನ ಕೊನೆ ತಲುಪುವಾಗ ಹೂಜಿ ಖಾಲಿಯಾಗಿತ್ತು. ಅವನು ಅಡುಗೆಮನೆಯ ಬಾಗಿಲು ಅಷ್ಟೇ ಅಷ್ಟು ತೆರೆದು ತಲೆ ಒಳಗೆ ಹಾಕಿ, ಇನ್ನೊಂದು ಪಾತ್ರೆ ಉಂಡೆ ಇಡು ಎಂದ.